ಅತ್ತೆ-ಮಾವ ಮಿಷನ್‌ಗೆ ಹೋದರು, ಕ್ರಿಸ್‌ಮಸ್ ನನ್ನ ಪಾಲಿಗೆ ಬಂತು

ಪ್ರಶ್ನೆ:

ನಾನು ದಾವಣಗೆರೆಯವಳು. ನಮ್ಮ ಮನೆಯವರು ಅಮೆರಿಕದ ಯೂಟಾದವರು, ಜನ ಮಾರ್ಮನ್ ಅಂತ ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ ಮನೆತನ. ನಾವಿರೋದೂ ಅಲ್ಲೇ, ಸಾಲ್ಟ್ ಲೇಕ್ ಕಣಿವೆಯಲ್ಲಿ. ನಾನು ಆ ಚರ್ಚಿಗೆ ಸೇರಿಲ್ಲ, ಸೇರು ಅಂತ ಯಾರೂ ಒತ್ತಾಯ ಮಾಡಿಯೂ ಇಲ್ಲ. ನಮಗೆ 9 ವರ್ಷದ ಮಗಳು, 6 ವರ್ಷದ ಮಗ. ಮಾವನಿಗೆ 69, ಅತ್ತೆಗೆ 66. ಈ ಸೆಪ್ಟೆಂಬರ್‌ನಲ್ಲಿ ಇಬ್ಬರೂ 18 ತಿಂಗಳ ಮಿಷನ್‌ಗೆಂದು, ಅಂದರೆ ಚರ್ಚಿನ ಸೇವೆಗೆಂದು, ಫಿಲಿಪೀನ್ಸ್‌ನ ಸೆಬುಗೆ ಹೋದರು. ಮಾವ ಅಲ್ಲಿ ಮಿಷನ್ ಆಫೀಸಿನ ಲೆಕ್ಕ ನೋಡುತ್ತಾರೆ. ಅತ್ತೆ ನರ್ಸ್ ಆಗಿದ್ದವರು, ಹುಷಾರಿಲ್ಲದ ಯುವ ಮಿಷನರಿಗಳಿಗೆ ಸಲಹೆ ಕೊಡುತ್ತಾರೆ.

ಪ್ರತಿವರ್ಷ ಡಿಸೆಂಬರ್ 24ರ ಸಂಜೆ ಎಲ್ಲರೂ ಅವರ ಮನೆಯಲ್ಲಿ ಸೇರುತ್ತಿದ್ದೆವು. ಮಾವ ಬೈಬಲ್‌ನಿಂದ ಯೇಸು ಹುಟ್ಟಿದ ಕಥೆ ಓದುತ್ತಿದ್ದರು. ಮಕ್ಕಳು ತಲೆಗೆ ಟವೆಲ್ ಕಟ್ಟಿಕೊಂಡು ಕುರುಬರಾಗುತ್ತಿದ್ದರು. ಹೊರಡುವ ಮುಂಚೆ ಅತ್ತೆ ಕ್ರಿಸ್‌ಮಸ್ ಸಾಮಾನಿನ ಡಬ್ಬಗಳನ್ನೆಲ್ಲ ನಮ್ಮ ಗ್ಯಾರೇಜಿಗೆ ತಂದಿಟ್ಟು, 'ಈ ಸಲ ನಿಮ್ಮ ಮನೇಲೇ ಸೇರಿ' ಅಂದರು. ಒಂದೊಂದರ ಮೇಲೂ ಅವರ ಕೈಬರಹದ ಚೀಟಿ ಇದೆ. 'ಕುರುಬರ ಬಟ್ಟೆ', 'ನಕ್ಷತ್ರ, ವೈರ್ ಹುಷಾರು' ಅಂತ. ನಾನು ಇನ್ನೂ ಒಂದನ್ನೂ ತೆಗೆದಿಲ್ಲ.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಅತ್ತೆ ಒಂದು ಫೋಟೊ ಕಳಿಸಿದರು. ಎದೆಗೆ ಹೆಸರಿನ ಕಪ್ಪು ಬಿಲ್ಲೆ ಹಾಕಿಕೊಂಡ ಯುವ ಮಿಷನರಿ ಹುಡುಗ ಹುಡುಗಿಯರಿಗೆ ತಮ್ಮ ಕೈಯಾರೆ ಮಾಡಿದ ಆರೆಂಜ್ ರೋಲ್ (ಕಿತ್ತಳೆ ಹಾಕಿದ ಸಿಹಿ ಬನ್ನು) ಬಡಿಸುತ್ತಿದ್ದರು. ಮಗಳು ಅದನ್ನು ನೋಡಿ, 'ಗ್ರ್ಯಾಂಡ್‌ಮಾ ನಮ್ಮ ರೋಲ್ ಅವರಿಗ್ಯಾಕೆ ಮಾಡಿಕೊಟ್ರು?' ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮಗ ಅಕ್ಟೋಬರ್‌ನಿಂದ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ. ನಮ್ಮ ಮನೆಯವರು 19ನೇ ವಯಸ್ಸಿನಲ್ಲಿ ಎರಡು ವರ್ಷ ಬ್ರೆಜಿಲ್‌ನಲ್ಲಿ ಮಿಷನ್ ಮಾಡಿಬಂದವರು. ಈ ವಿಷಯ ಬಂದರೆ ಎದ್ದು ಹೋಗುತ್ತಾರೆ. ನಮ್ಮಮ್ಮ ಫೋನ್ ಮಾಡಿದಾಗಲೆಲ್ಲ, 'ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಅದೇನವ್ವಾ ದೇಶ ಬಿಟ್ಟು ಹೋಗೋದು? ಚರ್ಚಿನವರು ಸಂಬಳ ಕೊಡ್ತಾರೇನು?' ಅಂತಾರೆ.

ಕ್ರಿಸ್‌ಮಸ್‌ಗೆ ನಾವೇ ಸೆಬುಗೆ ಹೋಗೋಣವೇ? ಅವರನ್ನೇ ಕರೆಸೋಣವೇ? ನಮ್ಮ ಅಪ್ಪ ಅಮ್ಮನ ಹತ್ತಿರ ವೀಸಾ ಇದೆ, ಅವರನ್ನು ಕರೆಸಲೇ? ಅಪ್ಪನಿಗೆ ಆಸ್ತಮಾ ಇದೆ. ಮಾವನಿಗೆ ಸ್ಟೆಂಟ್ ಹಾಕಿದ್ದಾರೆ, ಅದೊಂದು ಭಯ. ಇಷ್ಟೆಲ್ಲದರ ನಡುವೆ ನನಗೆ ಕೋಪವೂ ಬರುತ್ತಿದೆ. ಸೇವೆಗೆಂದು ಹೋದವರ ಮೇಲೆ ಕೋಪ ಮಾಡಿಕೊಳ್ಳೋದು ತಪ್ಪಲ್ವಾ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ತಪ್ಪಲ್ಲ. ನಾನು ಅಮೆರಿಕದ ಪಶ್ಚಿಮದ ಕಡೆ ಕುಟುಂಬಗಳ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತಾ ಬಂದವಳು. ನಿಮ್ಮ ಗಂಡನ ಚರ್ಚಿನ ಮನೆಗಳವರೂ ನನ್ನ ಹತ್ತಿರ ಬರುತ್ತಾರೆ, ನಮ್ಮ ಕಡೆಯವರೂ ಬರುತ್ತಾರೆ. ಅಪ್ಪ ಅಮ್ಮ ಮಿಷನ್‌ಗೆ ಹೋದ ಮೊದಲ ಡಿಸೆಂಬರ್‌ನಲ್ಲಿ ಈ ಕೋಪ ಎಷ್ಟೋ ಮನೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆ ಚರ್ಚಿನಲ್ಲೇ ಹುಟ್ಟಿ ಬೆಳೆದ ಹೆಣ್ಣುಮಕ್ಕಳಿಗೂ ಬರುತ್ತದೆ. ಅವರು ಅದನ್ನು ಹೇಳೋದಿಲ್ಲ, ಅಷ್ಟೇ.

ನೀವು ಕೇಳಿರೋದು ಎಲ್ಲಿಗೆ ಹೋಗಬೇಕು, ಯಾರನ್ನು ಕರೆಸಬೇಕು ಅಂತ. ಆದರೆ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಗ್ಯಾರೇಜಿನ ಡಬ್ಬಗಳ ಮೇಲೆ. ಅತ್ತೆ ಹೋಗುವಾಗ ಇಡೀ ಹಬ್ಬವನ್ನು ನಿಮ್ಮ ಮನೆಯಲ್ಲಿ ಇಳಿಸಿ ಹೋದರು. ಅವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿದ್ದರೂ, ಆ ನಂಬಿಕೆಗೆ ಸೇರದ ಸೊಸೆಯ ಕೈಗೆ ಕೊಟ್ಟು ಹೋದರು. ಅದು ನಿಮ್ಮ ಮೇಲಿನ ಭರವಸೆ ಇರಬಹುದು. ನಿಮ್ಮ ಗ್ಯಾರೇಜಿನಲ್ಲಿ ಜಾಗ ಇತ್ತು ಅನ್ನೋದಷ್ಟೇ ಇರಬಹುದು. ಏನೇ ಇರಲಿ, 'ನಿನಗೆ ಆಗುತ್ತಾ?' ಅಂತ ಯಾರೂ ಕೂತು ಕೇಳಿಲ್ಲ. ಕೋಪದ ಬೇರು ಅಲ್ಲಿದೆ ಅಂತ ನನಗೆ ಅನಿಸುತ್ತದೆ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಅಮ್ಮನ ಮಾತು. ಅವರ ಅನುಮಾನ ಸಹಜ. ನಮ್ಮ ಕಡೆ ಅಜ್ಜ ಅಜ್ಜಿ ಅಂದರೆ ಪಕ್ಕದಲ್ಲಿ ಇರುವವರು. ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಬಂದು, ಗುರುತು ಪರಿಚಯ ಇಲ್ಲದ ಊರಿನಲ್ಲಿ, ಚಳಿಯಲ್ಲಿ ಕಿಟಕಿ ನೋಡುತ್ತಾ ಕೂತು ಮಗು ನೋಡಿಕೊಂಡು ಹೋಗುತ್ತಾರೆ. ಪ್ರೀತಿಗೆ ನಮ್ಮಲ್ಲಿರುವ ಅಳತೆ ಅದು. ನಿಮ್ಮ ಅತ್ತೆ-ಮಾವನ ಅಳತೆ ಬೇರೆ. ಅಜ್ಜ ಅಜ್ಜಿ ದೇವರ ಕೆಲಸಕ್ಕೆ ಮನೆ ಬಿಟ್ಟು ಹೋದದ್ದನ್ನು ಮೊಮ್ಮಕ್ಕಳು ಕಣ್ಣಾರೆ ನೋಡಲಿ, ನಾವು ಅವರಿಗೆ ಕೊಡಬಹುದಾದ ದೊಡ್ಡ ಆಸ್ತಿ ಅದೇ, ಅಂತ ಅವರು ನಿಜವಾಗಿ ನಂಬುತ್ತಾರೆ. ಎರಡೂ ಪ್ರೀತಿಯೇ. ಆದರೆ 6 ವರ್ಷದ ಹುಡುಗನಿಗೆ ಮೊದಲನೆಯದು ಮಾತ್ರ ಅರ್ಥವಾಗುತ್ತದೆ.

ಸಂಬಳದ ಮಾತು ನಿಜವಲ್ಲ. ಈ ಚರ್ಚಿನ ಹಿರಿಯ ಮಿಷನರಿ ದಂಪತಿಗಳು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುತ್ತಾರೆ. ನಿವೃತ್ತಿ ಹಣ, ಉಳಿತಾಯ, ಕೆಲವೊಮ್ಮೆ ಮಕ್ಕಳ ಕೈನೆರವು. ಮನೆ ಬಾಡಿಗೆ ಭಾರವಾಗಿ ಎಷ್ಟೋ ಜನ ಹಿಂದೆ ಸರಿಯುತ್ತಿದ್ದರು. ಅದಕ್ಕೇ 2011ರಲ್ಲಿ ದಂಪತಿಗಳು ಕೊಡಬೇಕಾದ ಬಾಡಿಗೆಗೆ ತಿಂಗಳಿಗೆ 1,400 ಡಾಲರ್ ಅಂತ ಒಂದು ಮಿತಿ ಹಾಕಿದರು. ಅದಕ್ಕಿಂತ ಮೇಲೆ ಹೋದದ್ದನ್ನು ಚರ್ಚು ಭರಿಸುವ ಏರ್ಪಾಡು. ನಿಮ್ಮ ಅಮ್ಮನಿಗೆ ಇದನ್ನು ಹೇಳಿ. ಬೆಂಗಳೂರಿನಲ್ಲೂ 1993ರಿಂದ ಇದೇ ಚರ್ಚಿನ ಮಿಷನ್ ಇದೆ, 2018ರಲ್ಲಿ ಅಲ್ಲೊಂದು ದೇವಾಲಯ ಕಟ್ಟುವುದಾಗಿ ಘೋಷಿಸಿದರು ಅಂತಲೂ ಹೇಳಿ. ಯಾವುದೋ ಕಂಡರಿಯದ ಪಂಥಕ್ಕೆ ಬೀಗರು ಸಿಕ್ಕಿಬಿದ್ದಿದ್ದಾರೆ ಅನ್ನೋ ಆತಂಕ ಸ್ವಲ್ಪ ಇಳಿದೀತು.

ಹಿರಿಯರನ್ನು ಚರ್ಚಿನವರು ಬಲವಂತವಾಗಿ ಕಳಿಸುತ್ತಾರೆ ಅಂತ ಕೆಲವರು ಅಂದುಕೊಳ್ಳುತ್ತಾರೆ, ಅದೂ ಸರಿಯಲ್ಲ. ಈ ಚರ್ಚಿನ ಹುಡುಗರ ಮೇಲೆ ಮಿಷನ್‌ಗೆ ಹೋಗಲೇಬೇಕು ಅನ್ನುವ ನಿರೀಕ್ಷೆ ಇದೆ. ಹಿರಿಯರಿಗೆ ಹಾಗಿಲ್ಲ. ಪ್ರೋತ್ಸಾಹ ಇದೆ, ವೇದಿಕೆಯ ಮೇಲಿಂದ ಕರೆ ಕೊಡುತ್ತಾರೆ, ಆದರೆ ಅರ್ಜಿ ಹಾಕೋದು ಅವರವರ ಇಷ್ಟ. ಎಷ್ಟು ತಿಂಗಳು, ಎಂಥ ಕೆಲಸ, ಯಾವ ಕಡೆ ಅಂತ ತಮ್ಮ ಆಸೆಯನ್ನೂ ಹೇಳಿಕೊಳ್ಳಬಹುದು. ಕೊನೆಯ ತೀರ್ಮಾನ ಮಾತ್ರ ಚರ್ಚಿನದು. ಮನೆಮನೆ ಬಾಗಿಲು ತಟ್ಟುವುದನ್ನು ಅವರಿಂದ ಯಾರೂ ನಿರೀಕ್ಷಿಸುವುದಿಲ್ಲ. ಆಫೀಸು, ಆಸ್ಪತ್ರೆ ವಿಚಾರ, ಪರಿಹಾರ ಕೆಲಸ, ಶಿಕ್ಷಣ, ಹೀಗೆ ಅವರ ಜೀವಮಾನದ ಅನುಭವ ಎಲ್ಲಿ ಬೇಕೋ ಅಲ್ಲಿಗೆ ಹಾಕುತ್ತಾರೆ. ನಿಮ್ಮ ಮಾವನಿಗೆ ಲೆಕ್ಕ, ಅತ್ತೆಗೆ ನರ್ಸಿಂಗ್ ಸಿಕ್ಕಿದ್ದು ಹಾಗೇ.

ಮಿಷನ್‌ಗೆ ಹೋದವರು ಮನೆಗೆ ಬೇಕಾದಾಗ ಫೋನ್ ಮಾಡುವಂತಿಲ್ಲ ಅಂತ ಜನ ಹೇಳೋದು ಹಳೆಯ ಕಥೆ. ಯುವ ಮಿಷನರಿಗಳು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ, ಮನೆಗೆ ಫೋನ್ ಮಾಡಬಹುದಿತ್ತು. 2019ರ ಫೆಬ್ರವರಿಯಲ್ಲಿ ಅದು ಬದಲಾಯಿತು. ಈಗ ಅವರೂ ವಾರಕ್ಕೊಮ್ಮೆ ಮಾತಾಡಬಹುದು. ಹಿರಿಯ ದಂಪತಿಗಳಿಗಂತೂ ಆ ಬಿಗಿ ಇರಲೇ ಇಲ್ಲ.

ಈಗ ನಿಮ್ಮ ಮನೆಯವರ ಮೌನಕ್ಕೆ ಬನ್ನಿ. ಅವರು ಬ್ರೆಜಿಲ್‌ಗೆ ಹೋದದ್ದು 19ಕ್ಕೆ. ಅಂದರೆ ಆ ಹಳೆಯ ನಿಯಮದ ಕಾಲದಲ್ಲಿ. ಕ್ರಿಸ್‌ಮಸ್ ದಿನ ಸಿಗುವ ಆ ಒಂದು ಫೋನಿನಲ್ಲಿ ಯಾರೂ ಅಳಬಾರದು. ಅತ್ತರೆ ಆ ಕಡೆ ಅಮ್ಮ ಅಳುತ್ತಾಳೆ, ಸಿಕ್ಕ ಹೊತ್ತು ಅದರಲ್ಲೇ ಹೋಗುತ್ತದೆ. ಆ ವಯಸ್ಸಿನಲ್ಲಿ ಹೋಗಿಬಂದ ಗಂಡಸರು ನನ್ನ ಮುಂದೆ ಕೂತಾಗ ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ನೆನಪಾದರೆ ನುಂಗಿಕೋ, ಕೆಲಸ ಮಾಡು ಅಂತ ಅಲ್ಲಿ ಕಲಿತುಬಿಡುತ್ತಾರೆ. ಈಗ ಹೋದವರು ಅಪ್ಪ ಅಮ್ಮ, ಉಳಿದವರು ತಾವು. ಆದರೆ ಪಾಠ ಅದೇ. ಇನ್ನೊಂದೂ ಇದೆ. ಕೆಟ್ಟ ಕಾರಣಕ್ಕೆ ಬಿಟ್ಟು ಹೋದವರನ್ನು ಬೈಯಬಹುದು. ಒಳ್ಳೆಯ ಕಾರಣಕ್ಕೆ ಹೋದವರಿಗಾಗಿ ಬೇಜಾರು ಮಾಡಿಕೊಂಡರೆ ನಾನೇ ಸಣ್ಣವನಾದೆ ಅನಿಸುತ್ತದೆ. ಹಾಗಾಗಿ ಎದ್ದು ಹೋಗುತ್ತಾರೆ. 'ನಿಮ್ಮ ಅಪ್ಪ ಅಮ್ಮ ಹೀಗೆ ಮಾಡಬಾರದಿತ್ತು' ಅಂತ ನೀವು ಶುರು ಮಾಡಿದರೆ ಅವರು ವಾದಕ್ಕೆ ಇಳಿಯುತ್ತಾರೆ, ಇಲ್ಲವೇ ಗ್ಯಾರೇಜಿಗೆ ಹೋಗಿ ಏನೋ ರಿಪೇರಿ ಹಿಡಿಯುತ್ತಾರೆ. 'ಬ್ರೆಜಿಲ್‌ನಲ್ಲಿ ಮೊದಲನೇ ಕ್ರಿಸ್‌ಮಸ್ ಹೇಗಿತ್ತು?' ಅಂತ ಕೇಳಿ ನೋಡಿ. ಕಾರಿನಲ್ಲಿ ಹೋಗುವಾಗ ಕೇಳಿ, ಮುಖ ನೋಡಿಕೊಂಡು ಕೂರುವ ಕಷ್ಟ ಇರೋದಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಿಮ್ಮ ಅಮ್ಮ ಅದನ್ನು ಕೇಳಿಲ್ಲ, ಆದರೆ ನಿಮ್ಮ ಮನಸ್ಸಿನಲ್ಲಿ ಬಂದಿರುತ್ತದೆ. ಮೊಮ್ಮಕ್ಕಳನ್ನು ನೋಡಿಕೊಂಡು ಸಾಕಾಗಿ ಹೋದರಾ? ಕೆಲವರ ವಿಷಯದಲ್ಲಿ ಸ್ವಲ್ಪ ಹೌದು. ಮಕ್ಕಳ ಶಾಲೆ, ಜ್ವರ, ಇನ್ನೊಬ್ಬ ಮಗಳ ಹೆರಿಗೆ, ಇದರಲ್ಲೇ ನಿವೃತ್ತಿ ಕಳೆದುಹೋಗುತ್ತಿದೆ ಅನ್ನಿಸಿದ ಹಿರಿಯರು ಇದ್ದಾರೆ. ಹಾಗಂತ ಅವರ ಸೇವೆ ಸುಳ್ಳಾಗುವುದಿಲ್ಲ. ಒಬ್ಬರೇ ಮನುಷ್ಯರಲ್ಲಿ ಎರಡೂ ಇರುತ್ತವೆ. ಇಬ್ಬರೇ ಸೇರಿ ಒಂದು ಕೆಲಸ ಮಾಡುವುದು, ಬೆಳಗ್ಗೆ ಎದ್ದರೆ ತಮ್ಮನ್ನು ಕಾಯುವ ಜನ ಇರುವುದು, ಅರವತ್ತೈದು ದಾಟಿದ ಮೇಲೆ ಇದಕ್ಕೆ ಬಹಳ ಬೆಲೆ. ಎಷ್ಟೋ ದಂಪತಿಗಳು ಮಿಷನ್‌ನಿಂದ ಬಂದಮೇಲೆ ಒಬ್ಬರಿಗೊಬ್ಬರು ಹತ್ತಿರವಾಗಿರುವುದನ್ನು ನಾನು ನೋಡಿದ್ದೇನೆ.

ಸೆಬುದಲ್ಲಿ ಈಗ ಅವರ ದಿನ ಹೇಗಿರುತ್ತದೆ ಅಂತ ತಿಳಿದರೆ ಆ ಫೋಟೊ ಸ್ವಲ್ಪ ಬೇರೆ ಥರ ಕಾಣುತ್ತದೆ. ಫಿಲಿಪೀನ್ಸ್‌ನಲ್ಲಿ ಕ್ರಿಸ್‌ಮಸ್ ಸೆಪ್ಟೆಂಬರ್‌ನಲ್ಲೇ ಶುರು. ಅಂಗಡಿಗಳಲ್ಲಿ ಆಗಲೇ ಹಾಡು ಹಾಕುತ್ತಾರೆ. ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ಪರೋಲ್ ಅನ್ನುವ ನಕ್ಷತ್ರದ ಗೂಡುದೀಪಗಳು ಬೀದಿಯುದ್ದಕ್ಕೂ ತೂಗುತ್ತವೆ. ಡಿಸೆಂಬರ್ 16ರಿಂದ 24ರವರೆಗೆ ಕ್ಯಾಥೊಲಿಕರು ಬೆಳಕು ಹರಿಯುವ ಮುಂಚೆಯೇ ಎದ್ದು ಪೂಜೆಗೆ ಹೋಗುತ್ತಾರೆ. ಊರೆಲ್ಲ ಕುಟುಂಬ ಸಮೇತ ಇರುವಾಗ, ಆ ಯುವ ಮಿಷನರಿಗಳು ಮಾತ್ರ ಮನೆಯಿಂದ ದೂರ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರ ಮಕ್ಕಳು. ಎಷ್ಟೋ ಜನಕ್ಕೆ ಜೀವನದಲ್ಲಿ ಮೊದಲ ಸಲ ಅಮ್ಮನಿಲ್ಲದ ಹಬ್ಬ. ಮನೆ ನೆನಪು ಹೊಟ್ಟೆನೋವಾಗಿ, ತಲೆನೋವಾಗಿ ನಿಮ್ಮ ಅತ್ತೆಯ ಫೋನಿಗೆ ಬರುತ್ತದೆ. ಯಾವುದು ನಿಜವಾದ ಕಾಯಿಲೆ, ಯಾವುದು ಮನೆಯ ನೆನಪು ಅಂತ ರಾತ್ರಿ ಹೊತ್ತಿನಲ್ಲಿ ಅವರು ತೀರ್ಮಾನಿಸಬೇಕು. ಒಂದು ತಟ್ಟೆ ಆರೆಂಜ್ ರೋಲ್ ಅಲ್ಲಿ ಔಷಧಿಯೇ.

ನಿಮ್ಮ ಮಗಳಿಗೆ ಇದನ್ನೇ ಹೇಳಬಹುದು. 'ಅವರೂ ಅಮ್ಮ ಅಪ್ಪನ್ನ ಬಿಟ್ಟು ಬಂದವರು. ಅದಕ್ಕೆ ಗ್ರ್ಯಾಂಡ್‌ಮಾ ಮಾಡಿಕೊಟ್ರು. ಆದರೆ ನಿನಗೆ ಹೊಟ್ಟೆ ಉರೀತಲ್ವಾ? ನನಗೂ ಉರೀತು.' ಎರಡನೆಯ ಭಾಗ ಬಿಡಬೇಡಿ. ಬರೀ ಮೊದಲನೆಯದು ಹೇಳಿದರೆ, 'ನೀನು ದೊಡ್ಡ ಮನಸ್ಸು ಮಾಡಬೇಕು' ಅಂತ ಅವಳಿಗೆ ಕೇಳಿಸುತ್ತದೆ. ಆಮೇಲೆ ಅವಳಿಗೊಂದು ಕೆಲಸ ಕೊಡಿ. ಶುಕ್ರವಾರ ಸಂಜೆ 7 ಗಂಟೆ ನಿಮಗಾದರೆ ಸೆಬುದಲ್ಲಿ ಶನಿವಾರ ಬೆಳಗ್ಗೆ 10. ಫೋನನ್ನು ಅಡುಗೆ ಕಟ್ಟೆಯ ಮೇಲೆ ಒರಗಿಸಿಟ್ಟು ಅತ್ತೆ ಅವಳಿಗೆ ಆ ರೋಲ್ ಕಲಿಸಲಿ. ಹಿಟ್ಟು ಎಷ್ಟು ತೆಳ್ಳಗೆ ಲಟ್ಟಿಸಬೇಕು, ಕಿತ್ತಳೆ ಸಿಪ್ಪೆಯ ಮೇಲ್ಪದರವನ್ನಷ್ಟೇ ತುರಿಯಬೇಕು, ಬಿಳಿ ಭಾಗ ಬಂದರೆ ಕಹಿ, ಸುತ್ತಿದ ಮೇಲೆ ಚಾಕು ಹಾಕದೆ ದಾರದಿಂದ ಕತ್ತರಿಸಬೇಕು. ಇದೆಲ್ಲ ಚೀಟಿಯಲ್ಲಿ ಬರೆದರೆ ಬರುವ ವಿದ್ಯೆಯಲ್ಲ. 24ರಂದು ಆ ರೋಲ್ ಮಾಡುವವಳು ಅವಳೇ ಆಗಲಿ.

ಮಗನ ವಿಷಯ ಬೇರೆ. ಒಮ್ಮೆ ನಿಂತಿದ್ದ ಅಭ್ಯಾಸ ಮತ್ತೆ ಶುರುವಾದರೆ ಅಜ್ಜಿಯ ನೆನಪಿಗೇ ಹೀಗಾಗಿದೆ ಅಂತ ನಾವೇ ತೀರ್ಮಾನ ಮಾಡಬಾರದು. ಮಲಬದ್ಧತೆ, ಮೂತ್ರದ ಸೋಂಕು, ಅಪರೂಪಕ್ಕೆ ಸಕ್ಕರೆ ಕಾಯಿಲೆ ಕೂಡ ಹೀಗೆ ಕಾಣಿಸಿಕೊಳ್ಳುತ್ತವೆ. ನಾನು ವೈದ್ಯೆ ಅಲ್ಲ. ಹಬ್ಬ ಮುಗಿಯಲಿ ಅಂತ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಜಾಸ್ತಿ ನೀರು ಕುಡಿಯುವುದು, ತೂಕ ಇಳಿಯುವುದು ಕಂಡರೆ ಅವತ್ತೇ ಹೋಗಿ. ಅಲ್ಲಿ ಏನೂ ಇಲ್ಲ ಅಂತ ಆದರೆ ಆಗ ಮನಸ್ಸಿನ ಮಾತು. 18 ತಿಂಗಳು ಅಂದರೆ ಅವನು ಬದುಕಿದ ಬದುಕಿನ ಕಾಲು ಭಾಗ. 'ಬೇಗ ಬರ್ತಾರೆ' ಅಂದರೆ ನಾಳೆಯೇ ಬರಬೇಕು ಅವನ ಲೆಕ್ಕದಲ್ಲಿ. 'ಈ ಕ್ರಿಸ್‌ಮಸ್ ಆದಮೇಲೆ ಇನ್ನೊಂದು ಕ್ರಿಸ್‌ಮಸ್ ಆಗಿ, ನಿನ್ನ ಶಾಲೆಯಲ್ಲಿ ಹಿಮ ಕರಗೋ ಹೊತ್ತಿಗೆ ಬರ್ತಾರೆ' ಅನ್ನಿ. ಬೈಯಬೇಡಿ, ಹಾಸಿಗೆ ಬಟ್ಟೆ ತೆಗೆಯುವಾಗ ಮುಖ ಸಿಂಡರಿಸಬೇಡಿ.

'ಇನ್ನೊಂದು ಕ್ರಿಸ್‌ಮಸ್' ಅಂದೆ ನೋಡಿ, ಇದನ್ನು ನಿಮ್ಮ ಮನೆಯಲ್ಲಿ ಯಾರಾದರೂ ಲೆಕ್ಕ ಹಾಕಿದ್ದಾರಾ? ಸೆಪ್ಟೆಂಬರ್‌ನಿಂದ 18 ತಿಂಗಳು ಅಂದರೆ ಮಾರ್ಚ್. ನಡುವೆ ಬರೋದು ಎರಡು ಡಿಸೆಂಬರ್. ಜನವರಿಯಲ್ಲಿ ಹೊರಟಿದ್ದರೆ ಒಂದೇ ಆಗುತ್ತಿತ್ತು. ಈ ಸಲ ಹೇಗೋ ತಳ್ಳಿಬಿಡೋಣ ಅಂತ ಮಾಡಿದ ಏರ್ಪಾಡು ಮುಂದಿನ ವರ್ಷ ಕೈಕೊಡುತ್ತದೆ. ಎರಡು ವರ್ಷಕ್ಕೆ ಆಗುವಂಥದ್ದನ್ನೇ ಯೋಚಿಸಿ.

ಈ ಕ್ರಿಸ್‌ಮಸ್‌ಗೇ ಸೆಬುಗೆ ಹೋಗುವುದು ಬೇಡ ಅನ್ನುತ್ತೇನೆ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲೆ ನಾಲ್ಕು ಜನಕ್ಕೆ ಟಿಕೆಟ್ ಅಂದರೆ ಕೈ ಸುಡುತ್ತದೆ. ಹಬ್ಬಕ್ಕೆ ಊರಿಗೆ ಹೋಗುವ ಫಿಲಿಪೀನ್ಸ್ ಜನರೂ ಅದೇ ವಿಮಾನಗಳಲ್ಲಿ ಇರುತ್ತಾರೆ. ಡಿಸೆಂಬರ್‌ನಲ್ಲೂ ಅಲ್ಲಿ ಚಂಡಮಾರುತ ಬರುತ್ತದೆ. 2021ರ ಡಿಸೆಂಬರ್ 16ರಂದು ಬಂದ ಒಡೆಟ್ ಸೆಬುವನ್ನೇ ಹೊಡೆಯಿತು, ಕ್ರಿಸ್‌ಮಸ್ ಹೊತ್ತಿಗೆ ಊರಲ್ಲಿ ಕರೆಂಟು, ನೀರಿಗೆ ಪರದಾಟ. ಇದೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅತ್ತೆ-ಮಾವನಿಗೆ ವರ್ಷದಲ್ಲೇ ಜಾಸ್ತಿ ಕೆಲಸ ಇರುವ ವಾರ ಅದು. ನೀವು ಅಷ್ಟು ದೂರ ಹೋಗಿ, ಅಜ್ಜಿ ಫೋನ್ ಬಂತು ಅಂತ ಊಟದ ಮಧ್ಯೆ ಎದ್ದು ಹೋದರೆ, ನಿಮ್ಮ ಮಗಳಿಗೆ ಫೋಟೊಕ್ಕಿಂತ ಜಾಸ್ತಿ ನೋವಾಗುತ್ತದೆ. ಯಾವಾಗ ಹೋದರೂ ಮಿಷನ್ ನಾಯಕರ ಜೊತೆ ಮಾತಾಡಿ, ತಮಗೆ ಎಷ್ಟು ದಿನ ಬಿಡುವು ಸಿಗುತ್ತದೆ ಅಂತ ಮಾವನೇ ಮೊದಲು ಕೇಳಿಕೊಳ್ಳಲಿ.

ಅವರನ್ನು ಕರೆಸುವುದು ನನಗೆ ಇನ್ನೂ ಇಷ್ಟವಿಲ್ಲದ ದಾರಿ. 2011ರಲ್ಲಿ ಬಂದ ಅದೇ ಬದಲಾವಣೆಯಲ್ಲಿ, ಕುಟುಂಬದಲ್ಲಿ ತುಂಬಾ ಮುಖ್ಯವಾದದ್ದೇನಾದರೂ ಆದರೆ ಹಿರಿಯ ದಂಪತಿಗಳು ವಾರ, ಹತ್ತು ದಿನದ ಮಟ್ಟಿಗೆ ತಮ್ಮ ಖರ್ಚಿನಲ್ಲಿ ಮನೆಗೆ ಬಂದುಹೋಗಲು ಅವಕಾಶ ಕೊಟ್ಟರು. ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಬರಲಿಕ್ಕೇ ಆಗಲ್ಲ ಅನ್ನೋ ಭಯ ಬಿಡಿ, ಬರಬಹುದು. ಆದರೆ ಆ ಅವಕಾಶ ಇರುವುದು ಅಂಥ ಹೊತ್ತಿಗೆ. ಹಬ್ಬಕ್ಕೆ ಕೇಳಿದರೆ ಅವರು ಇಕ್ಕಟ್ಟಿಗೆ ಸಿಗುತ್ತಾರೆ. ಬಂದರೂ ಜೆಟ್‌ಲ್ಯಾಗ್‌ನಲ್ಲಿ ತೂಕಡಿಸಿ, ವಾರಕ್ಕೆ ಮತ್ತೆ ಹೊರಡುತ್ತಾರೆ. ಮಗ ಆ ಬೀಳ್ಕೊಡುಗೆಯನ್ನು ಇನ್ನೊಮ್ಮೆ ಅನುಭವಿಸಬೇಕು.

ನಿಮ್ಮ ಅಪ್ಪ ಅಮ್ಮ ಬರುವುದಾದರೆ ನಿಮಗೆ ಒಂದು ಜೀವ ಬಂದಂತಾಗುತ್ತದೆ, ಗೊತ್ತು. ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಾಲ್ಟ್ ಲೇಕ್ ಕಣಿವೆಯ ಗಾಳಿ ನಿಮಗೆ ಗೊತ್ತಿರುವುದೇ. ಬೆಟ್ಟಗಳ ನಡುವೆ ತಣ್ಣನೆ ಗಾಳಿ ಕೆಳಗೆ ಉಳಿದು, ಅದರ ಮೇಲೆ ಬಿಸಿಗಾಳಿ ಮುಚ್ಚಿಕೊಂಡು, ಕಾರು ಮತ್ತು ಚಿಮಣಿಯ ಹೊಗೆ ದಿನಗಟ್ಟಲೆ ಹೊರಗೆ ಹೋಗುವುದಿಲ್ಲ. ಆಸ್ತಮಾ ಇರುವವರನ್ನು ಈ ಕಾಲದಲ್ಲೇ ಕರೆಸುವುದು ಸರಿಯಲ್ಲ. ಭೇಟಿಗೆ ಬರುವ ಹಿರಿಯರಿಗೆ ಇಲ್ಲಿ ಮಾರುವ ವಿಮೆಗಳಲ್ಲಿ ಬಹಳಷ್ಟು, ಮೊದಲೇ ಇದ್ದ ಕಾಯಿಲೆಗೆ ಹಣ ಕೊಡುವುದಿಲ್ಲ, ಕೊಟ್ಟರೂ ಕಟ್ಟುಪಾಡು ಜಾಸ್ತಿ. ಅವರನ್ನು ಏಪ್ರಿಲ್-ಮೇನಲ್ಲಿ ಕರೆಸಿ. ಅಜ್ಜಿ-ತಾತನ ಖಾಲಿ ಜಾಗ ತುಂಬಲು ಅಂತ ಮಾತ್ರ ಕರೆಸಬೇಡಿ. ಮಕ್ಕಳಿಗೆ ಅದು ಗೊತ್ತಾಗುತ್ತದೆ, ನಿಮ್ಮ ಅಮ್ಮನಿಗೂ ಗೊತ್ತಾಗುತ್ತದೆ.

ಉಳಿದದ್ದು ನಿಮ್ಮ ಮನೆಯಲ್ಲೇ ಹಬ್ಬ ಮಾಡುವುದು. ನನ್ನ ಒಲವು ಇದರ ಕಡೆಗೇ. ಆದರೆ ಒಂದು ಷರತ್ತು ಇದೆ. ಮನೆ ನಿಮ್ಮದು, ಹಬ್ಬ ನಿಮ್ಮ ಗಂಡನ ಮನೆಯವರೆಲ್ಲರದು. ಈ ವ್ಯತ್ಯಾಸವನ್ನು ಈ ವಾರವೇ ಬಾಯಿಬಿಟ್ಟು ಹೇಳಿ. ಆ ಮನೆಯಲ್ಲಿ ಇಷ್ಟು ವರ್ಷ ಅತ್ತೆ ಮಾಡುತ್ತಿದ್ದ ಕೆಲಸವನ್ನು ಒಂದು ಕಾಗದದ ಮೇಲೆ ಬರೆಯಿರಿ. ಯಾರಿಗೆ ಫೋನ್ ಮಾಡಿ ಸಮಯ ಹೇಳುತ್ತಿದ್ದರು, ಯಾವ ಮೊಮ್ಮಗುವಿಗೆ ಏನು ಉಡುಗೊರೆ ಅಂತ ಯಾರು ನೆನಪಿಟ್ಟುಕೊಳ್ಳುತ್ತಿದ್ದರು, ಆಲೂಗಡ್ಡೆ ಚೀಸ್ ಹಾಕಿ ಬೇಯಿಸಿದ್ದು ಯಾರು, ಯಾವ ಮಗುವಿಗೆ ಕಡಲೆಕಾಯಿ ಅಲರ್ಜಿ, ಯಾವ ಇಬ್ಬರು ಅಣ್ಣತಮ್ಮಂದಿರನ್ನು ಪಕ್ಕಪಕ್ಕ ಕೂರಿಸಬಾರದು. ಬರೆದಾಗಲೇ ಗೊತ್ತಾಗೋದು ಅದು ಎಷ್ಟು ಉದ್ದ ಅಂತ. ಎಲ್ಲ ಮನೆಗಳಲ್ಲೂ ಇಂಥ ಒಬ್ಬರು ಇರುತ್ತಾರೆ, ಹೆಚ್ಚಾಗಿ ಹೆಂಗಸರೇ. ಅವರು ಇರುವಷ್ಟು ದಿನ ಹಬ್ಬ ತಾನಾಗೇ ಆಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆ ಕಾಗದವನ್ನು ನಿಮ್ಮ ಮನೆಯವರ ಅಕ್ಕತಂಗಿ, ಅಣ್ಣತಮ್ಮಂದಿರಿಗೆ ಕಳಿಸಿ. ಅವರೇ ಹಂಚಿಕೊಳ್ಳಲಿ. ಕಳಿಸುವವರು ನಿಮ್ಮ ಮನೆಯವರಾಗಲಿ, ನೀವಲ್ಲ.

ಇದರಲ್ಲೂ ಅಪಾಯ ಇದೆ. 'ಅಮ್ಮ ಹೀಗೆ ಮಾಡ್ತಿರಲಿಲ್ಲ' ಅನ್ನುವ ಮಾತು ಒಬ್ಬರಿಂದಾದರೂ ಬರುತ್ತದೆ. ಆ ಮಾತು ಅವರ ಅಮ್ಮನ ನೆನಪಿನಿಂದ ಬಂದದ್ದು, ನಿಮ್ಮ ಅಡುಗೆಯಿಂದಲ್ಲ. 'ನನಗೂ ಅವರಿಲ್ಲದೆ ಬೇಜಾರು' ಅಂದರೆ ಸಾಕು. ನೀವು ಮಾಡಬಲ್ಲದ್ದನ್ನು ಮಾಡಿ. ಪುಳಿಯೋಗರೆ ಮಾಡಬೇಕು ಅನಿಸಿದರೆ ಮಾಡಿ, ಆ ಮೇಜಿನ ಮೇಲೆ ಅದಕ್ಕೂ ಜಾಗ ಇದೆ. ಆ ಚರ್ಚಿನವರು ಕಾಫಿ, ಟೀ ಕುಡಿಯುವುದಿಲ್ಲ, ಅವರಿಗೆ ಹಾಟ್ ಚಾಕೊಲೇಟ್ ಇಡಿ. ನಿಮ್ಮ ಫಿಲ್ಟರ್ ಅನ್ನು ಬೀರುವಿನಲ್ಲಿ ಬಚ್ಚಿಡಬೇಕಾದ ಅಗತ್ಯ ಇಲ್ಲ. ಪ್ರಾರ್ಥನೆ ಹೇಳುವುದು, ಕಥೆ ಓದುವುದು ಮಾತ್ರ ನಿಮ್ಮ ತಲೆಗೆ ತೆಗೆದುಕೊಳ್ಳಬೇಡಿ. ನೀವು ನಂಬದ ಮಾತನ್ನು ನಿಮ್ಮಿಂದ ಹೇಳಿಸಬೇಕು ಅಂತ ಅವರಿಗೂ ಇರುವುದಿಲ್ಲ.

ಹಾಗಾದರೆ ಕಥೆ ಯಾರು ಓದಬೇಕು? ಮಾವ ಸೆಬುನಿಂದ ವಿಡಿಯೊದಲ್ಲಿ ಓದಲಿ ಅಂತ ಎಲ್ಲರೂ ಹೇಳುತ್ತಾರೆ. ಸಮಯವೂ ಕೂಡಿಬರುತ್ತದೆ. ನಿಮ್ಮಲ್ಲಿ 24ರ ಸಂಜೆ 6 ಗಂಟೆ ಅಂದರೆ ಅವರಲ್ಲಿ 25ರ ಬೆಳಗ್ಗೆ 9, ದಾವಣಗೆರೆಯಲ್ಲಿ ಬೆಳಗ್ಗೆ ಆರೂವರೆ. ನಿಮ್ಮ ಅಪ್ಪ ಅಮ್ಮನೂ ನೋಡಬಹುದು. ಆದರೂ ಓದುವವರು ನಿಮ್ಮ ಮನೆಯವರೇ ಆಗಲಿ, ಮಾವ ಆ ಕಡೆ ಕೂತು ಕೇಳಲಿ. ಪರದೆಯ ಮೇಲೆ ಅಜ್ಜ ಓದುವಾಗ ಸಂಪರ್ಕ ಕಡಿದರೆ ನಾಟಕ ಅರ್ಧಕ್ಕೆ ನಿಲ್ಲುತ್ತದೆ, ಕುರುಬರು ಅಳುತ್ತಾರೆ. ಅದಕ್ಕಿಂತ ಮುಖ್ಯ, ಮೌನವಾಗಿರುವ ನಿಮ್ಮ ಮನೆಯವರಿಗೆ ಆ ರಾತ್ರಿ ಹಿಡಿದುಕೊಳ್ಳಲು ಒಂದು ಕೆಲಸ ಬೇಕು. ಓದುವಾಗ ಅವರ ಗಂಟಲು ಕಟ್ಟಿದರೆ ಕಟ್ಟಲಿ. ಮಕ್ಕಳು ಅದನ್ನು ನೋಡಬೇಕು. ನಾಟಕ ಮುಗಿದ ಮೇಲೆ ಅಜ್ಜ ಅಲ್ಲಿನ ಪರೋಲ್ ದೀಪ ತೋರಿಸಿ ಎರಡು ಮಾತಾಡಲಿ, ಫೋನ್ ಇಟ್ಟುಬಿಡಿ. ಊಟದುದ್ದಕ್ಕೂ ಪರದೆ ಹಚ್ಚಿಟ್ಟರೆ ಎರಡೂ ಕಡೆ ಯಾರೂ ನೆಮ್ಮದಿಯಾಗಿ ಉಣ್ಣುವುದಿಲ್ಲ.

ಮಾವನ ಸ್ಟೆಂಟ್ ಬಗ್ಗೆ. ಕಳಿಸುವ ಮೊದಲು ವೈದ್ಯಕೀಯ ತಪಾಸಣೆ ಆಗಿರುತ್ತದೆ, ಆರೋಗ್ಯ ನೋಡಿಯೇ ಜಾಗ ಕೊಡುತ್ತಾರೆ. ಸೆಬು ದೊಡ್ಡ ನಗರ, ಹೃದಯದ ಆಸ್ಪತ್ರೆಗಳಿವೆ. ಆದರೆ ಅಮೆರಿಕದಲ್ಲಿ ಹಿರಿಯರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಾಮಾನ್ಯವಾಗಿ ಹೊರದೇಶದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಅವರ ಬೇರೆ ವಿಮೆ ಕಾರ್ಡಿನ ಫೋಟೊ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಅಲ್ಲಿನ ಡಾಕ್ಟರ್ ನಂಬರ್, ತಾವು ಮಾತಾಡಲಾಗದ ಸ್ಥಿತಿಯಲ್ಲಿದ್ದರೆ ಯಾರು ನಿರ್ಧಾರ ಮಾಡಬೇಕು ಅನ್ನುವ ಕಾಗದ, ಇಷ್ಟನ್ನು ಕೇಳಿ ತರಿಸಿಕೊಳ್ಳಿ. ಮಗನೇ ಕೇಳಲಿ. ಹಬ್ಬದ ದಿನದ ಫೋನಿನಲ್ಲಿ ಮಾತ್ರ ಬೇಡ.

ಅತ್ತೆಗೆ ನೀವೇ ಒಂದು ಮಾತು ಹೇಳಲೇಬೇಕು. ಜಗಳದ ಮಾತಲ್ಲ. 'ಅತ್ತೆ, ಡಬ್ಬ ಇಟ್ಟು ಹೋದಿರಿ, ನನಗೆ ಭಯ ಆಗಿದೆ. ನಾನು ನಿಮ್ಮ ಹಾಗೆ ಮಾಡೋಕೆ ಆಗಲ್ಲ. ಯಾವುದು ಇರಲೇಬೇಕು, ಯಾವುದು ಬಿಟ್ಟರೂ ನಡೆಯುತ್ತೆ, ಹೇಳಿ.' ಸೇವೆಗೆ ಹೋದವರ ಮನಸ್ಸು ನೋಯಿಸಬಾರದು ಅಂತ ಮನೆಯವರೆಲ್ಲ 'ನಾವು ಚೆನ್ನಾಗಿದ್ದೇವೆ' ಅಂತಲೇ ಹೇಳುತ್ತಿರುತ್ತಾರೆ. ಆ ಕಡೆ ಅವರೂ ಅದನ್ನೇ ಹೇಳುತ್ತಾರೆ. ಅಲ್ಲಿ ಪರರ ಮಕ್ಕಳಿಗೆ ಬಡಿಸಿ ರೂಮಿಗೆ ಬಂದು ತಮ್ಮ ಮೊಮ್ಮಕ್ಕಳನ್ನು ನೆನೆದು ಅಳುವ ಅಜ್ಜಿಯಂದಿರು ಇದ್ದಾರೆ, ಮಿಷನ್ ಮುಗಿಸಿ ಬಂದಮೇಲೆ ನನಗೆ ಹೇಳಿಕೊಂಡಿದ್ದಾರೆ. ನೀವು ಮೊದಲು ನಿಜ ಹೇಳಿದರೆ ಅವರಿಗೂ ಹೇಳಲು ದಾರಿಯಾಗುತ್ತದೆ.

ಸೆಬು ಪ್ರವಾಸವನ್ನು ಪೂರ್ತಿ ಕೈಬಿಡಬೇಡಿ. ಮಿಷನ್ ಮುಗಿಯುವ ವಾರಕ್ಕೆ ಮಕ್ಕಳು ಮೊಮ್ಮಕ್ಕಳು ಅಲ್ಲಿಗೇ ಹೋಗಿ, ಅವರು ಕೆಲಸ ಮಾಡಿದ ಜಾಗ, ಅವರನ್ನು ಪ್ರೀತಿಸಿದ ಜನರನ್ನು ನೋಡಿ, ಜೊತೆಯಲ್ಲೇ ಕರೆದುಕೊಂಡು ಬರುವುದನ್ನು ಈ ಚರ್ಚಿನ ಕುಟುಂಬಗಳು ಮಾಡುತ್ತವೆ. ಮಾರ್ಚ್‌ನಲ್ಲಿ ಸೆಬುದಲ್ಲಿ ಮಳೆ ಕಡಿಮೆ, ಹಬ್ಬದ ನೂಕುನುಗ್ಗಲೂ ಇರುವುದಿಲ್ಲ. ಮಕ್ಕಳಿಗೆ ಶಾಲೆ ನಾಲ್ಕು ದಿನ ತಪ್ಪೀತು, ತಪ್ಪಲಿ. ಚಿಕ್ಕ ಮಕ್ಕಳ ಅಮೆರಿಕನ್ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ತಾರೀಖು ಈಗಲೇ ನೋಡಿಕೊಳ್ಳಿ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಫಿಲಿಪೀನ್ಸ್‌ಗೆ ಪ್ರವೇಶದ ನಿಯಮ ಬೇರೆ ಇರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ಅವರ ದೂತಾವಾಸದಲ್ಲಿ ವಿಚಾರಿಸಿ.